ತರಬೇತಿಗೆ ಬಾರದ ಅಕ್ಕೋರು: ಕೊಪ್ಪಳ ಜಿಲ್ಲೆಯ ಒಂದು ಅಂಗನವಾಡಿ ವಲಯದ ಪ್ರಕರಣ

2023ರ ಜನವರಿಯ ಒಂದು ಹಾಜರಿ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಸರಿನ ಮುಂದೆ ಮೂರೂ ದಿನ ‘ಗೈ.ಹಾ.’ (ಗೈರುಹಾಜರಿ) ಅಂತ ಬರೆದಿದೆ. ಪಕ್ಕದ ಷರಾ ಕಾಲಂನಲ್ಲಿ ಎರಡೇ ಪದ: ‘ಆಸಕ್ತಿ ಇಲ್ಲ’. ಅಕ್ಷರ ನನ್ನದೇ.

ಆ ಎರಡು ಪದ ಬರೆದದ್ದು ಎಷ್ಟು ತಪ್ಪು ಅಂತ ತಿಳಿಯಲು ನನಗೆ ಏಳು ತಿಂಗಳು ಬೇಕಾಯಿತು. ಆಮೇಲೆ ನಾವು ಏನೇನು ಮಾಡಿ ನೋಡಿದೆವು, ಯಾವುದು ಕೈಕೊಟ್ಟಿತು, ಯಾವುದು ನಿಂತಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಊರು, ತಾಲೂಕು, ಸಂಸ್ಥೆ, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಬದಲಿಸಿಲ್ಲ.

ವಲಯ ಹೇಗಿತ್ತು

ಕೊಪ್ಪಳ ಜಿಲ್ಲೆ ಅಂದ ಕೂಡಲೇ ಹೊರಗಿನವರಿಗೆ ಗಂಗಾವತಿಯ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆ ನೆನಪಾಗುತ್ತದೆ. ವಾಯವ್ಯಕ್ಕೆ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಬೇರೆಯೇ ನೆಲ. ಮಳೆ ನಂಬಿದ ಹೊಲ, ಸಜ್ಜೆ, ಜೋಳ, ಕಡಲೆ, ಶೇಂಗಾ. ಮಳೆ ಹೋದರೆ ಗುಳೆ. ಬೆಂಗಳೂರು, ಮಂಗಳೂರು, ಗೋವಾ ಅಂತ ಗಂಡ-ಹೆಂಡತಿ ಇಬ್ಬರೂ ಹೊರಡುತ್ತಾರೆ. ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತವೆ. ಅಂಥ ಒಣ ಭಾಗದ ಒಂದು ವಲಯ ನಮ್ಮದು. ಒಬ್ಬ ಮೇಲ್ವಿಚಾರಕಿಯ ಕೆಳಗೆ 24 ಕೇಂದ್ರ. ಅದರಲ್ಲಿ 20 ಪೂರ್ಣ ಅಂಗನವಾಡಿ, 4 ಮಿನಿ. ಮಿನಿಗಳೆಲ್ಲ ತಾಂಡಾ (ಲಂಬಾಣಿ ಜನರ ವಸತಿ) ಮತ್ತು ಸಣ್ಣ ವಸತಿಗಳಲ್ಲಿದ್ದವು.

ಈ ಕಡೆ ಊರವರು ಅಂಗನವಾಡಿ ಕಾರ್ಯಕರ್ತೆಯನ್ನು ‘ಅಕ್ಕೋರು’ ಅನ್ನುತ್ತಾರೆ. ಸಹಾಯಕಿಯನ್ನು ‘ಆಯಾ’ ಅನ್ನುತ್ತಾರೆ. ಅಕ್ಕೋರ ದಿನ ಹೇಗಿರುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ-ಪಾಠ. ಅದಕ್ಕಿಂತ ಸಣ್ಣವರ ತೂಕ, ಎತ್ತರ. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಶುರುವಾದ ಮೇಲೆ ಗರ್ಭಿಣಿ, ಬಾಣಂತಿಯರಿಗೂ ಅಲ್ಲೇ ಊಟ. 2021ರಿಂದ ಪೋಷಣ್ ಟ್ರ್ಯಾಕರ್ ಅನ್ನುವ ಫೋನ್ ಆ್ಯಪ್‌ನಲ್ಲಿ ದಿನಾ ಹಾಜರಿ ಮತ್ತು ಅಳತೆ. ಚುನಾವಣೆ ಬಂದರೆ ಮತದಾರರ ಪಟ್ಟಿ. ಗೃಹಲಕ್ಷ್ಮಿ ದುಡ್ಡು ಬರಲಿಲ್ಲ ಅಂದರೂ ಜನ ಬಂದು ಕೇಳುವುದು ಅಂಗನವಾಡಿ ಬಾಗಿಲಲ್ಲೇ. ಇಷ್ಟೆಲ್ಲ ಮಾಡಿದರೂ ಕೈಗೆ ಬರುವುದಕ್ಕೆ ಸಂಬಳ ಅನ್ನುವ ಹೆಸರಿಲ್ಲ, ‘ಗೌರವಧನ’ ಅನ್ನುತ್ತಾರೆ.

ತರಬೇತಿ ಇರಲೇ ಇಲ್ಲ ಅಂತಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗಿನಿಂದಲೂ ತರಬೇತಿ ಅದರ ಭಾಗವೇ. ಹೊಸಬರಿಗೆ ವಾರಗಟ್ಟಲೆ ವೃತ್ತಿ ತರಬೇತಿ, ಹಳಬರಿಗೆ ಆಗಾಗ ಪುನಶ್ಚೇತನ. 2018ರಲ್ಲಿ ಪೋಷಣ್ ಅಭಿಯಾನ ಬಂದಾಗ 21 ಪಾಠಗಳನ್ನು ತಿಂಗಳಿಗೊಂದರಂತೆ ವಲಯ ಸಭೆಯಲ್ಲೇ ಕಲಿಸುವ ಯೋಚನೆ ಬಂತು. ಒಳ್ಳೆಯ ಯೋಚನೆ. ನಮ್ಮ ವಲಯದಲ್ಲಿ ಮಾತ್ರ ಆ ಸಭೆಯನ್ನು ವರದಿಗಳು ತಿಂದು ಹಾಕಿದ್ದವು. ಪಾಠಕ್ಕೆ ಉಳಿದದ್ದು ಚಹಾಕ್ಕೆ ಮುಂಚಿನ ಹತ್ತು ನಿಮಿಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ದಾರಿ ಹೇಳಿತು: ಪಿಯುಸಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಅದೂ ಟಿವಿ ಮತ್ತು ಸ್ಮಾರ್ಟ್‌ಫೋನ್ ಮೂಲಕ. ನಮ್ಮ 24 ಮಂದಿಯಲ್ಲಿ ಜಾಸ್ತಿ ಜನ ಎಸ್ಸೆಸ್ಸೆಲ್ಸಿಯವರು. ಫೋನ್ ಮೂಲಕ ಕಲಿಸುವುದು ಎಷ್ಟು ಸುಲಭ ಅನ್ನುವುದು ಮುಂದೆ ಬರುತ್ತದೆ.

ನಾನು ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜೊತೆ ಸೇರಿ ಶಾಲಾಪೂರ್ವ ಶಿಕ್ಷಣದ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ.

ಖಾಲಿಯಾಗುತ್ತಾ ಹೋದ ಸಭಾಂಗಣ

ಮೊದಲ ತರಬೇತಿ ತಾಲೂಕು ಕೇಂದ್ರದಲ್ಲಿ. ಮೂರು ದಿನ, ಬೆಳಿಗ್ಗೆ 10ರಿಂದ ಸಂಜೆ 5. ದಿನಾಂಕ ಗೊತ್ತು ಮಾಡುವಾಗ ಕೊಪ್ಪಳದ ಗವಿಮಠದ ಜಾತ್ರೆ ಯಾವಾಗ ಅಂತ ನಮ್ಮಲ್ಲಿ ಯಾರೂ ನೋಡಲಿಲ್ಲ. ಜಾತ್ರೆಯ ಹೊತ್ತಿಗೆ ಈ ಜಿಲ್ಲೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರೊಟ್ಟಿ ಬುಟ್ಟಿ ಹೊತ್ತ ಟ್ರ್ಯಾಕ್ಟರ್‌ಗಳು ಊರೂರಿಂದ ಮಠದ ಕಡೆ ಹೊರಟಿರುತ್ತವೆ. ಅದೇ ವಾರ ನಾವು ಮಕ್ಕಳ ಮನೋವಿಕಾಸದ ಚಾರ್ಟು ತೂಗು ಹಾಕಿ ಕೂತಿದ್ದೆವು. ಮೊದಲ ದಿನ 17 ಮಂದಿ ಬಂದರು. ಎರಡನೇ ದಿನ 13. ಮೂರನೇ ದಿನ 9.

ನಾವು ಕೊಟ್ಟುಕೊಂಡ ಕಾರಣ ಎರಡು. ಒಂದು ಜಾತ್ರೆ. ಇನ್ನೊಂದು ಬಸ್ ಚಾರ್ಜು. ಕೈಯಿಂದ ಹಾಕಿದ ದುಡ್ಡು ವಾಪಸ್ ಬರಲು ತಿಂಗಳುಗಳು ಹಿಡಿಯುತ್ತವೆ ಅಂತ ಅಕ್ಕೋರೆಲ್ಲ ಹೇಳುತ್ತಿದ್ದರು. ಅದು ನಿಜವೂ ಹೌದು. ಆಮೇಲೆ ಮೇ 10ರ ವಿಧಾನಸಭಾ ಚುನಾವಣೆ ಬಂತು. ವಸಂತ ಪೂರ್ತಿ ಅದರಲ್ಲೇ ಹೋಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಮಗಂತೂ ದೇವರೇ ವರ ಕೊಟ್ಟಂತಾಯಿತು. ಜುಲೈನಲ್ಲಿ ಅದೇ ಮೂರು ದಿನದ ತರಬೇತಿ ಮತ್ತೆ ಇಟ್ಟೆವು. ಈ ಸಲ ಜಾತ್ರೆ ಇಲ್ಲ, ಚಾರ್ಜು ಇಲ್ಲ. ಮೊದಲ ದಿನ 19, ಎರಡನೇ ದಿನ 14, ಮೂರನೇ ದಿನ 11. ಬಸ್ಸು ಪುಕ್ಕಟೆಯಾದರೂ ಪ್ರತಿ ದಿನ ಹೆಚ್ಚು ಬಂದದ್ದು ಒಬ್ಬರೋ ಇಬ್ಬರೋ. ‘ಇನ್ನೇನು ನೆಪ ಉಳೀತು?’ ಅಂತ ಒಬ್ಬ ಅಧಿಕಾರಿ ಕೇಳಿದರು. ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು ಅಂತ ಒಪ್ಪಿಕೊಳ್ಳಬೇಕು. ಹಾಗಾಗಿಯೇ ಆ ಷರಾ ಬರೆದಿದ್ದ ಹೆಸರಿನವರ ಊರಿಗೇ ಹೋಗಿ ಕೇಳೋಣ ಅಂತ ಹೊರಟೆ. ನಿಜ ಹೇಳಬೇಕೆಂದರೆ ಸ್ವಲ್ಪ ಬುದ್ಧಿ ಹೇಳುವ ಉದ್ದೇಶವೂ ಇತ್ತು.

ತಾಂಡಾದಲ್ಲಿ ಒಂದು ಮಧ್ಯಾಹ್ನ

ಮುಖ್ಯ ರಸ್ತೆಯಿಂದ ತಾಂಡಾಕ್ಕೆ ಎರಡು ಕಿಲೋಮೀಟರ್ ನಡೆಯಬೇಕು. ಉಚಿತ ಬಸ್ಸು ಅಲ್ಲಿಗೆ ಬರುವುದೇ ಇಲ್ಲ. ಕೇಂದ್ರ ಒಂದೇ ಕೋಣೆಯದು. ಅಕ್ಕೋರು ಒಂದು ಕೈಯಲ್ಲಿ ಅನ್ನದ ಪಾತ್ರೆ ಇಳಿಸುತ್ತಾ, ಇನ್ನೊಂದು ಕೈಯಲ್ಲಿ ಒಲೆಯ ಕಡೆ ತೆವಳುತ್ತಿದ್ದ ಕೂಸನ್ನು ತಡೆಯುತ್ತಿದ್ದರು. 14 ಮಕ್ಕಳು. ಆಯಾ ಎಲ್ಲಿ ಅಂತ ಕೇಳಿದೆ.

‘ಆಯಾ ಎಲ್ಲೀದ್ರಿ ಮೇಡಂ, ಇದು ಮಿನಿ ಐತಲ್ರಿ’ ಅಂದರು.

ನನಗೆ ಗೊತ್ತಿರಬೇಕಾದ ಸಂಗತಿ ಅದು. ಮಿನಿ ಅಂಗನವಾಡಿಗೆ ಆಗ ಸಹಾಯಕಿ ಹುದ್ದೆಯೇ ಇರಲಿಲ್ಲ. ಅಡುಗೆ, ಪಾಠ, ತೂಕ, ಫೋನು, ಎಲ್ಲ ಒಬ್ಬರೇ. ತರಬೇತಿ ಕೊಡುವ ನಾನು ಇದನ್ನು ನಿಯಮದ ಪುಸ್ತಕದಲ್ಲಿ ಓದಿದ್ದೆ. ಹಾಜರಿ ಹಾಳೆ ನೋಡುವಾಗ ನೆನಪೇ ಬಂದಿರಲಿಲ್ಲ.

‘ಬೀಗ ಹಾಕಿ ಬಂದ್ರ ಈ ಮಕ್ಕಳು ಎಲ್ಲಿ ಹೋಗಬೇಕ್ರಿ? ಇವರ ಅಪ್ಪ-ಅವ್ವ ಗುಳೆ ಹೋಗ್ಯಾರ. ಅಜ್ಜಿ ಕುರಿ ಬಿಟ್ಟು ಬರಂಗಿಲ್ಲ’ ಅಂತ ಹೇಳುತ್ತಲೇ ತಟ್ಟೆ ಇಟ್ಟರು. ಎರಡು ವರ್ಷದ ಹಿಂದೆ ಒಮ್ಮೆ ಬೀಗ ಹಾಕಿ ತರಬೇತಿಗೆ ಹೋಗಿದ್ದರಂತೆ. ಮಕ್ಕಳು ಬಾಗಿಲ ಮುಂದೆ ಬಿಸಿಲಲ್ಲಿ ಕೂತಿದ್ದವು. ಯಾರೋ ಪಂಚಾಯಿತಿಗೆ ದೂರು ಹೇಳಿದರು. ಕೇಂದ್ರ ಮುಚ್ಚಿದ್ದಕ್ಕೆ ನೋಟಿಸು ಬಂತು. ‘ಹೋದ್ರ ಒಂದು ನೋಟಿಸು, ಹೋಗದಿದ್ರ ಒಂದು ನೋಟಿಸು. ಮಕ್ಕಳಿಗೆ ಊಟ ಆದ್ರೂ ಆಗ್ಲಿ ಅಂತ ಇಲ್ಲೇ ಇರ್ತೀನ್ರಿ.’

ಬುದ್ಧಿ ಹೇಳುವ ಮಾತು ಬಾಯಿಗೆ ಬರಲಿಲ್ಲ.

ವಾಪಸ್ ಬಂದ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟೆ. ಒಂದು ಹಾಜರಿ, ಇನ್ನೊಂದು ವಲಯದ ಹುದ್ದೆಗಳ ಪಟ್ಟಿ. ನಾಲ್ಕು ಮಿನಿ ಕೇಂದ್ರ, ಜೊತೆಗೆ ಸಹಾಯಕಿ ಹುದ್ದೆ ಖಾಲಿ ಇದ್ದ ಮೂರು ಪೂರ್ಣ ಕೇಂದ್ರ. ಒಟ್ಟು ಏಳು ಮಂದಿ ಒಂಟಿ ಅಕ್ಕೋರು. ಎರಡೂ ತರಬೇತಿಯಲ್ಲಿ ಮೂರೂ ದಿನ ಬಂದವರಲ್ಲಿ ಈ ಏಳರಲ್ಲಿ ಒಬ್ಬರೂ ಇರಲಿಲ್ಲ. ಈ ಕೆಲಸಕ್ಕೆ ಹಿಡಿದದ್ದು ಹೆಚ್ಚೆಂದರೆ ಕಾಲು ಗಂಟೆ. ಜನವರಿಯಲ್ಲೇ ಮಾಡಬಹುದಿತ್ತು, ಅಲ್ವಾ?

ಉಳಿದವರದು ಬೇರೆ ಕಥೆ. ಎಂಟು ಊರಿಗೆ ಕೊನೆಯ ಬಸ್ಸು ಸಂಜೆ ನಾಲ್ಕೂವರೆಗೆ. ನಮ್ಮ ತರಬೇತಿ ಮುಗಿಯುತ್ತಿದ್ದದ್ದು ಐದಕ್ಕೆ. ಮೊದಲ ದಿನ ಬಂದು, ರಾತ್ರಿ ಮನೆ ಸೇರಲು ಪರದಾಡಿ, ಎರಡನೇ ದಿನ ಬಿಟ್ಟವರು ಇವರೇ. ಅವರಿಗೆ ಬಸ್ಸಿನ ದುಡ್ಡಿಗಿಂತ ಬಸ್ಸಿನ ಹೊತ್ತು ಮುಖ್ಯವಾಗಿತ್ತು.

ಫೋನಿನ ಪಾಠ

ಬರಲಾಗದವರಿಗೆ ಪಾಠವನ್ನೇ ಕಳಿಸೋಣ ಅಂದುಕೊಂಡೆವು. ಇಂಥಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸೆಪ್ಟೆಂಬರ್‌ನಲ್ಲಿ ಎಂಟೆಂಟು ನಿಮಿಷದ ವಿಡಿಯೋ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದೆವು. ತಿಂಗಳ ಕೊನೆಗೆ ಕೂತು ಮಾತಾಡಿದಾಗ ಎಲ್ಲವನ್ನೂ ನೋಡಿದವರು ಆರೇ ಮಂದಿ. ಇಲಾಖೆ ಕೊಟ್ಟ ಫೋನಿನ ಹೊಟ್ಟೆ ಫೋಟೋಗಳಿಂದಲೇ ತುಂಬಿತ್ತು. ಸ್ವಂತ ಫೋನು ಸಂಜೆಯಾದರೆ ಮಕ್ಕಳ ಕೈಯಲ್ಲಿ. ತಾಂಡಾದಲ್ಲಿ ವಿಡಿಯೋ ಇಳಿಯಬೇಕೆಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು.

ಇನ್ನೊಂದು ಮಾತನ್ನು ಹಿರಿಯ ಅಕ್ಕೋರೊಬ್ಬರು ನಗುತ್ತಲೇ ಹೇಳಿದರು. ‘ಆ ವಿಡಿಯೋದಾಗ ನೀವು ಮಾತಾಡೋದು ರೇಡಿಯೋ ವಾರ್ತೆ ಓದಿದಂಗ ಐತ್ರಿ.’ ನಾನು ಅದರಲ್ಲಿ ‘ಸೂಕ್ಷ್ಮ ಸ್ನಾಯು ಚಲನಾ ಕೌಶಲ್ಯ’ ಅಂದಿದ್ದೆ. ಮಗು ಕಡಲೆಕಾಳು ಹೆಕ್ಕಿ ಬಟ್ಟಲಿಗೆ ಹಾಕುವ ಆಟದ ಹೆಸರು ಅದು.

ಹಾಗಾದರೆ ನೀವೇ ಹೇಳಿ ಅಂತ ಅವರ ಕೈಗೇ ಕೊಟ್ಟೆವು. 25 ವರ್ಷದ ಅನುಭವ ಅವರದು. ವಾರಕ್ಕೆ ಎರಡು ಸಲ, ಮೂರು ನಿಮಿಷದ ಧ್ವನಿ ಸಂದೇಶ, ಅವರದೇ ಮಾತಲ್ಲಿ. ‘ಇವತ್ತ ನಮ್ಮ ಕೇಂದ್ರದಾಗ ಏನಾತು ಗೊತ್ತೇನ್ರವ್ವಾ’ ಅಂತ ಶುರು. ಒಂದು ಮಗು ಯಾಕೆ ಬರೀ ಮೂಲೆಯಲ್ಲಿ ಕೂರುತ್ತಿತ್ತು, ಏನು ಮಾಡಿದ ಮೇಲೆ ಎದ್ದು ಬಂತು, ಇಂಥವು. ಧ್ವನಿ ಸಂದೇಶಕ್ಕೆ ನೆಟ್‌ವರ್ಕ್ ಕಡಿಮೆ ಸಾಕು. ಕಣ್ಣು ಬೇಕಿಲ್ಲ, ಕೈ ಬೇಕಿಲ್ಲ. ರೊಟ್ಟಿ ಬಡಿಯುತ್ತಾ ಕೇಳಬಹುದು. ಒಬ್ಬರ ಅತ್ತೆಯೂ ಕೇಳಲು ಶುರು ಮಾಡಿದರಂತೆ.

ಚೆನ್ನಾಗಿ ನಡೆಯುತ್ತಿದ್ದದ್ದನ್ನು ನಾವೇ ಹಾಳು ಮಾಡಿದೆವು. ಮೇಲೆ ವರದಿ ಕೊಡಬೇಕಿತ್ತು. ‘ಕೇಳಿದವರು ಹೆಬ್ಬೆಟ್ಟಿನ ಗುರುತು ಹಾಕಿ, ಮಾಡಿಸಿದ ಆಟದ ಫೋಟೋ ಕಳಿಸಿ’ ಅಂದೆವು. ಮುಂದಿನ ವಾರದಿಂದ 24ಕ್ಕೆ 24 ಹೆಬ್ಬೆಟ್ಟು. ಮೂರು ನಿಮಿಷದ ಮಾತಿಗೆ ಒಂದು ನಿಮಿಷದೊಳಗೇ ಗುರುತು ಬರುತ್ತಿತ್ತು. ಫೋಟೋದಲ್ಲಿ ಮಕ್ಕಳು ಸಾಲಾಗಿ, ಕೈಕಟ್ಟಿ, ಕ್ಯಾಮೆರಾ ನೋಡುತ್ತಾ ಕೂತಿರುತ್ತಿದ್ದವು. ಆಟದ ಫೋಟೋದಲ್ಲಿ ಯಾರೂ ಆಡುತ್ತಿರಲಿಲ್ಲ! ಮೂರು ವಾರಕ್ಕೆ ಹೆಬ್ಬೆಟ್ಟು, ಫೋಟೋ ಎರಡನ್ನೂ ನಿಲ್ಲಿಸಿದೆವು. ಸಂದೇಶ ಮಾತ್ರ ಮುಂದುವರಿಯಿತು. ವರದಿಯಲ್ಲಿ ಆ ಕಾಲಂ ಖಾಲಿ ಬಿಟ್ಟೆವು. ಅದಕ್ಕೆ ಮೇಲಿನಿಂದ ಬೈಸಿಕೊಂಡೆವು. ಈಗಲೂ ಅದು ಸರಿಯಾದ ತೀರ್ಮಾನವೇ ಅನ್ನುತ್ತೇನೆ.

ಗೊಂಬೆ ಅಳುವುದಿಲ್ಲ

ಈ ನಡುವೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ 24 ಕೇಂದ್ರಕ್ಕೂ ಹೋಗಿ ಬಂದಿದ್ದೆ. ನಮ್ಮ ತರಬೇತಿಯ ಬಗ್ಗೆ ನನಗಿದ್ದ ಹೆಮ್ಮೆ ಅಲ್ಲೇ ಇಳಿಯಿತು.

ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯಬೇಕು. ಎರಡು ತುಂಬಿದ ಮೇಲೆ ನಿಲ್ಲಿಸಿ. ಇದು ಸುಮ್ನೆ ಮಾಡಿದ ನಿಯಮವಲ್ಲ. ಒಂದೇ ಮಗುವನ್ನು ಮಲಗಿಸಿ ಅಳೆದರೆ ನಿಲ್ಲಿಸಿದ್ದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಕುಂಠಿತ ಬೆಳವಣಿಗೆಯ ಗೆರೆಯ ಹತ್ತಿರ ಇರುವ ಮಗುವಿಗೆ ಅಷ್ಟು ಸಾಕು, ಗೆರೆಯ ಆ ಕಡೆಯೋ ಈ ಕಡೆಯೋ ಅಂತ ಬದಲಾಗಿಬಿಡುತ್ತದೆ. ಸಭಾಂಗಣದಲ್ಲಿ ಗೊಂಬೆ ಇಟ್ಟು ತೋರಿಸಿದಾಗ ಎಲ್ಲರೂ ಸರಿಯಾಗಿ ಮಾಡಿದ್ದರು. ಕೇಂದ್ರಗಳಲ್ಲಿ ನೋಡಿದರೆ 15 ಕಡೆ ಒಂದೂವರೆ ವರ್ಷದ ಮಕ್ಕಳನ್ನೂ ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದರು.

ಗೊತ್ತಿಲ್ಲದೆ ಅಲ್ಲ. ಒಬ್ಬರನ್ನು ಕೇಳಿದೆ. ‘ಗೊಂಬಿ ಒದಿಯಂಗಿಲ್ರಿ, ಅಳಂಗಿಲ್ರಿ. ಈ ಕೂಸು ಹಲಗಿ ಮ್ಯಾಲ ಒಂದು ಚಣ ಮಲಗಂಗಿಲ್ಲ’ ಅಂದರು. ಪಕ್ಕದಲ್ಲಿ ಆಯಾ ನಿಂತು ನೋಡುತ್ತಿದ್ದರು. ಮಲಗಿಸಿ ಅಳೆಯಲು ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಮೆಲ್ಲಗೆ ಒತ್ತಿ ಪಾದದ ಪಟ್ಟಿ ಸರಿಸಬೇಕು. ನೀವು ಯಾಕೆ ಹಿಡಿಯುವುದಿಲ್ಲ ಅಂತ ಆಯಾನನ್ನು ಕೇಳಿದೆ.

‘ನನಗ ಯಾರೂ ಹೇಳಿಕೊಟ್ಟಿಲ್ರಿ. ಟ್ರೇನಿಂಗು ಅಕ್ಕೋರಿಗಷ್ಟ ಅಲ್ರಿ?’

ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬರನ್ನೇ ಕರೆದು ಕಲಿಸಿದ್ದೆವು. ಇನ್ನೊಬ್ಬರನ್ನು ‘ಕೇಂದ್ರ ನೋಡಿಕೋ’ ಅಂತ ಬಿಟ್ಟಿದ್ದೆವು. ಸಣ್ಣ ಮಕ್ಕಳ ಮೂಗು ಒರೆಸಿ, ಉಣಿಸಿ, ಮಲಗಿಸುವವರು ಆಯಾನೇ. ಸಹಾಯಕಿಯರು ನಮ್ಮ ಯೋಜನೆಯ ಒಂದು ಸಾಲಲ್ಲೂ ಇರಲಿಲ್ಲ. ತಾಂಡಾದ ಭೇಟಿಗಿಂತಲೂ ಈ ಪ್ರಕರಣದ ದೊಡ್ಡ ತಿರುವು ಇದೇ ಅಂತ ನನಗನ್ನಿಸುತ್ತದೆ. ತರಬೇತಿಯನ್ನು ಕೇಂದ್ರದೊಳಕ್ಕೇ ಒಯ್ಯಬೇಕು, ಮಕ್ಕಳು ಇರುವಾಗಲೇ ಮಾಡಬೇಕು ಅಂತ ನಿಶ್ಚಯವಾದದ್ದು ಆವತ್ತು.

ಐದೈದರ ಗುಂಪು, ಮತ್ತು ಬದಲಿ ಯಾರು ಅನ್ನುವ ಜಗಳ

ನವೆಂಬರ್‌ನಿಂದ 24 ಕೇಂದ್ರಗಳನ್ನು ಐದು ಗುಂಪು ಮಾಡಿದೆವು. ನಕ್ಷೆಯ ಪ್ರಕಾರ ಅಲ್ಲ, ನಡೆದೋ ಒಂದೇ ಬಸ್ಸಲ್ಲೋ ಸೇರಬಹುದಾದ ಊರುಗಳ ಪ್ರಕಾರ. ತಿಂಗಳಿಗೆ ಒಂದು ದಿನ, ಗುಂಪಿನ ಒಂದು ಕೇಂದ್ರದಲ್ಲಿ, 11ರಿಂದ ಒಂದೂವರೆ. ಆ ಊರಿನ ಅಕ್ಕೋರು, ಆಯಾ ಇಬ್ಬರೂ ಇರಬೇಕು. ಮೊದಲ ಒಂದು ಗಂಟೆ ಮಕ್ಕಳ ಜೊತೆ, ಆಮೇಲೆ ಮಾತು. ಒಂದು ಸಲಕ್ಕೆ ಒಂದೇ ವಿಷಯ.

ಬರುವ ನಾಲ್ವರ ಕೇಂದ್ರ ಆ ಹೊತ್ತು ಯಾರು ನೋಡುತ್ತಾರೆ? ಸಹಾಯಕಿ ಇದ್ದಲ್ಲಿ ಎರಡೂವರೆ ಗಂಟೆ ಹೇಗೋ ನಡೆಯುತ್ತದೆ. ಒಂಟಿ ಏಳು ಕೇಂದ್ರಕ್ಕೆ ಬದಲಿ ಬೇಕಿತ್ತು. ಸ್ತ್ರೀಶಕ್ತಿ ಗುಂಪಿನವರನ್ನೋ ಮಕ್ಕಳ ತಾಯಂದಿರನ್ನೋ ಕೇಳೋಣ, ‘ಸಮುದಾಯದ ಸಹಭಾಗಿತ್ವ’ ಆಗುತ್ತದೆ ಅಂತ ನಮ್ಮ ತಂಡದಲ್ಲಿ ಒಬ್ಬರು ಹೇಳಿದರು. ದುಡ್ಡು ಕೊಟ್ಟರೆ ಅಭ್ಯಾಸ ಕೆಡುತ್ತದೆ ಅನ್ನುವುದು ಅವರ ವಾದ. ನವೆಂಬರ್‌ನಲ್ಲಿ ಹೊಸ ಉತ್ಸಾಹ, ಏಳೂ ಕಡೆ ಒಬ್ಬೊಬ್ಬರು ಬಂದು ಕೂತರು. ಡಿಸೆಂಬರ್‌ನಲ್ಲಿ ಬಂದವರು ಇಬ್ಬರು. ತೊಗರಿ ಕೊಯ್ಲು, ಹತ್ತಿ ಬಿಡಿಸುವ ಕೆಲಸ ಶುರುವಾಗಿತ್ತು. ಕೂಲಿ ಬಿಟ್ಟು ಪುಕ್ಕಟೆ ಕೂರಿ ಅಂತ ಕೂಲಿಯವರನ್ನು ಕೇಳಿದ್ದೆವು. ನಾವು ಮೂವರು ಮಾತ್ರ ಸಂಬಳ ತೆಗೆದುಕೊಂಡು ಆ ಸಭೆಯಲ್ಲಿ ಕೂತಿದ್ದೆವು ಅನ್ನುವುದು ಆಮೇಲೆ ಹೊಳೆಯಿತು.

ಜನವರಿಯಿಂದ ಬದಲಿ ಕೂತವರಿಗೆ ಅರ್ಧ ದಿನಕ್ಕೆ ಪೂರ್ತಿ ನರೇಗಾ ಕೂಲಿ ಕೊಟ್ಟೆವು. ಆಗ ಅದು 316 ರೂಪಾಯಿ. ಏಳು ಕಡೆಗೆ ತಿಂಗಳಿಗೆ 2,212 ರೂಪಾಯಿ. ಸಭಾಂಗಣದ ಬಾಡಿಗೆಗೆ ಕೊಡುತ್ತಿದ್ದದ್ದರ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ದುಡ್ಡಿಗಿಂತ ಮುಖ್ಯವಾದ ಪ್ರಶ್ನೆ ಮಕ್ಕಳ ಸುರಕ್ಷತೆ. ಅದಕ್ಕೆ ಕೆಲವು ಕಟ್ಟುಪಾಡು ಹಾಕಿದೆವು. ಪ್ರತಿ ಸಲ ಅದೇ ಹೆಂಗಸು ಬರಬೇಕು, ಇವತ್ತು ಇವರು ನಾಳೆ ಅವರು ಅಂತ ಆಗಬಾರದು. ಮೊದಲು ಎರಡು ಬೆಳಿಗ್ಗೆ ಅಕ್ಕೋರ ಜೊತೆ ಕೂತು ಮಕ್ಕಳ ಪರಿಚಯ ಆಗಬೇಕು. ಒಲೆ ಹಚ್ಚುವಂತಿಲ್ಲ, ಅಡುಗೆಯನ್ನು ಅಕ್ಕೋರೇ ಬೇಗ ಮುಗಿಸಿ ಹೊರಡಬೇಕು. ಔಷಧಿ ಕೊಡುವಂತಿಲ್ಲ. ದಿನಾ ಕರೆದೊಯ್ಯುವವರನ್ನು ಬಿಟ್ಟು ಬೇರೆಯವರ ಜೊತೆ ಮಗುವನ್ನು ಕಳಿಸುವಂತಿಲ್ಲ. ಮೇಲ್ವಿಚಾರಕಿ ಇದನ್ನು ಒಪ್ಪಿ, ಆ ದಿನ ಕೇಂದ್ರ ತೆರೆದಿದೆ ಅಂತಲೇ ಬರೆದುಕೊಳ್ಳುವುದಾಗಿ ಹೇಳಿದರು. ಅವರು ಅಷ್ಟು ಧೈರ್ಯ ಮಾಡದಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ತಾಂಡಾದ ಅಕ್ಕೋರು ಜನವರಿಯ ಸುತ್ತಿಗೆ ಬಂದರು. ಮೂಲೆಯಲ್ಲಿ ಕೂತು ಏನೂ ಮಾತಾಡದೆ ಹೋದರು. ಫೆಬ್ರವರಿಯ ಸುತ್ತು ಅವರ ಕೇಂದ್ರದಲ್ಲೇ. ಎರಡು ಕಿಲೋಮೀಟರ್ ನಡೆಯಬೇಕಲ್ಲ ಅಂತ ಗೊಣಗುತ್ತಲೇ ಎಲ್ಲರೂ ಬಂದರು. ಅವತ್ತಿನ ವಿಷಯ ಮನೆಮಾತು ಬೇರೆ ಇರುವ ಮಕ್ಕಳು. ನಾನು ಚಾರ್ಟು ತಂದಿದ್ದೆ, ಬಿಚ್ಚಲೇ ಇಲ್ಲ. ಹೊಸದಾಗಿ ಬಂದ ಒಂದು ಮಗು ‘ಯಾಡಿ, ಯಾಡಿ’ (ಅವ್ವಾ, ಅವ್ವಾ) ಅಂತ ಅಳುತ್ತಿತ್ತು. ಅಕ್ಕೋರು ಅದನ್ನು ಎತ್ತಿಕೊಂಡು ಲಂಬಾಣಿಯಲ್ಲೇ ಮಾತಾಡಿಸಿ, ‘ಪಾಣಿ’ ಅಂತ ಲೋಟ ತೋರಿಸಿ, ಆಮೇಲೆ ‘ನೀರು’ ಅಂದರು. ‘ಬಾಟಿ’ ಅಂತ ರೊಟ್ಟಿ ಕೊಟ್ಟು ‘ರೊಟ್ಟಿ’ ಅಂದರು. ಮಗು ಎರಡೂ ಮಾತು ಕೇಳುತ್ತಾ, ರೊಟ್ಟಿ ತಿನ್ನುತ್ತಾ ಕೂತಿತು.

ಬೇರೆ ಮೂವರು ಅಕ್ಕೋರ ಕೇಂದ್ರದಲ್ಲೂ ಲಂಬಾಣಿ ಮಕ್ಕಳಿದ್ದವು. ‘ನಮ್ಮಲ್ಲಿ ಆ ಮಕ್ಕಳು ಬಾಯೇ ಬಿಡಲ್ಲ, ದಡ್ಡವು’ ಅಂತ ಡಿಸೆಂಬರ್‌ನಲ್ಲಿ ಹೇಳಿದ್ದವರು ಇವರೇ. ಅವತ್ತು ಅಂಗೈ ಮೇಲೆ ಪೆನ್ನಿನಿಂದ ಪದ ಬರೆದುಕೊಂಡು ಹೋದರು. ನಾನು ಹಾಜರಿ ಹಾಳೆಯಲ್ಲಿ ‘ಆಸಕ್ತಿ ಇಲ್ಲ’ ಅಂತ ಬರೆದಿದ್ದವರು ಆ ದಿನದ ತರಬೇತುದಾರರಾಗಿದ್ದರು.

ಏನು ಉಳಿಯಿತು, ಏನು ಕಳೆಯಿತು

ಮಾರ್ಚ್‌ನಿಂದ ಮತ್ತೆ ಚುನಾವಣೆ. ನಮ್ಮ ಕಡೆ ಲೋಕಸಭೆಯ ಮತದಾನ 2024ರ ಮೇ 7ಕ್ಕೆ. ಸುತ್ತುಗಳು ಜೂನ್, ಜುಲೈನಲ್ಲಿ ಮುಂದುವರಿದವು. ಒಟ್ಟು ಆರು ಸುತ್ತು. 24ರಲ್ಲಿ 19 ಮಂದಿ ಐದಾದರೂ ಸುತ್ತಿಗೆ ಬಂದರು. ಒಂಟಿ ಏಳರಲ್ಲಿ ಆರು ಮಂದಿ ಈ ಲೆಕ್ಕದಲ್ಲಿದ್ದಾರೆ. ಏಳನೆಯವರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಕೇಂದ್ರಕ್ಕೆ ಬದಲಿ ಕೊಟ್ಟೆವು, ಮನೆಗೆ ಬದಲಿ ಎಲ್ಲಿಂದ ತರೋಣ?

ಜುಲೈನಲ್ಲಿ ಮತ್ತೆ ಎಲ್ಲ ಕೇಂದ್ರ ಸುತ್ತಿದೆ. 21 ಕಡೆ ಇಬ್ಬರು ಸೇರಿ, ಸಣ್ಣ ಮಕ್ಕಳನ್ನು ಮಲಗಿಸಿ ಅಳೆಯುತ್ತಿದ್ದರು. ಅಳುವ ಕೂಸನ್ನು ಅಜ್ಜಿಯ ತೊಡೆಯ ಪಕ್ಕ ಹಲಗೆ ಇಟ್ಟು ಮಲಗಿಸುವ ಉಪಾಯವನ್ನು ಒಬ್ಬ ಆಯಾ ಕಂಡುಹಿಡಿದು ಗುಂಪಿನವರಿಗೆಲ್ಲ ಹೇಳಿಕೊಟ್ಟಿದ್ದರು. ಅದು ಯಾವ ಕೈಪಿಡಿಯಲ್ಲೂ ಇಲ್ಲ.

ಬದಲಾಗದ್ದೂ ಇದೆ. ಆಟದ ಮೂಲಕ ಕಲಿಕೆ ಅಂತ ನಾವು ಎಷ್ಟೇ ಹೇಳಿದರೂ ಅರ್ಧಕ್ಕಿಂತ ಜಾಸ್ತಿ ಕೇಂದ್ರಗಳಲ್ಲಿ ಮಕ್ಕಳು ಪಾಟಿಯ ಮೇಲೆ ಅಕ್ಷರ ತಿದ್ದುತ್ತಲೇ ಇವೆ. ಊರಿನ ಪಕ್ಕ ಕಾನ್ವೆಂಟ್ ಬಸ್ಸು ಬರುತ್ತದೆ. ‘ಎಬಿಸಿಡಿ ಯಾವಾಗ ಕಲಿಸ್ತೀರಿ?’ ಅಂತ ತಾಯಂದಿರು ಕೇಳುತ್ತಾರೆ. ಮಕ್ಕಳು ಎಲ್‌ಕೆಜಿಗೆ ಹೋಗಿಬಿಟ್ಟರೆ ಕೇಂದ್ರದ ಗತಿ ಏನು ಅನ್ನುವ ಭಯ ಅಕ್ಕೋರಿಗೆ. ಎರಡೂವರೆ ಗಂಟೆಯ ತರಬೇತಿಗೆ ಆ ಭಯ ಜಗ್ಗುವುದಿಲ್ಲ.

ಇನ್ನೊಂದು ದೂರನ್ನು ನಾವು ನಿರೀಕ್ಷಿಸಿರಲಿಲ್ಲ. ಐದಾರು ಮಂದಿಗೆ ತಾಲೂಕಿನ ತರಬೇತಿ ತಪ್ಪಿದ್ದೇ ಬೇಸರ. ‘ಪ್ಯಾಟಿಗೆ ಹೋದ್ರ ಎಲ್ರೂ ಸಿಗ್ತಿದ್ರಿ. ಹೋಟೆಲ್‌ದಾಗ ದ್ವಾಸಿ ತಿಂತಿದ್ವಿ. ಮೂರು ದಿನ ಮನಿ ಕೆಲಸ ತಪ್ತಿತ್ತು’ ಅಂದರು ಒಬ್ಬರು. ಹತ್ತಿರಕ್ಕೆ ತಂದರೆ ಎಲ್ಲರಿಗೂ ಅನುಕೂಲ ಅಂತ ನಾವು ಎಣಿಸಿದ್ದೆವು. ಮನೆಯಿಂದ ಹೊರಗೆ ಬರಲು ತರಬೇತಿಯೊಂದೇ ನೆಪ ಆಗಿದ್ದವರಿಂದ ಅದನ್ನು ಕಿತ್ತುಕೊಂಡಿದ್ದೆವು. ಆಮೇಲೆ ವರ್ಷಕ್ಕೊಂದು ದಿನ ಎಲ್ಲರೂ ತಾಲೂಕಿನಲ್ಲಿ ಸೇರುವಂತೆ ಮಾಡಿದೆವು. ಮುಗಿಯುವುದು ಮೂರೂವರೆಗೆ. ಕೊನೆಯ ಬಸ್ಸಿಗೆ ಮುಂಚೆ ದೋಸೆಗೂ ಹೊತ್ತು ಸಿಗುತ್ತದೆ.

ಬಗೆಹರಿಯದೆ ಉಳಿದದ್ದು ಕಾಗದದ ವಿಷಯ. ಆರು ಸುತ್ತು ಅಂದರೆ 15 ಗಂಟೆ. ಆದರೆ ಇದು ‘ತರಬೇತಿ ದಿನ’ ಅಂತ ಯಾವ ದಾಖಲೆಯಲ್ಲೂ ಸೇರಲಿಲ್ಲ, ಪ್ರಮಾಣಪತ್ರವೂ ಇಲ್ಲ. ಮೇಲ್ವಿಚಾರಕಿ ಹುದ್ದೆಗೆ ಬಡ್ತಿಯ ಆಸೆ ಇಟ್ಟುಕೊಂಡ ಚಿಕ್ಕ ವಯಸ್ಸಿನವರಿಗೆ ಕಾಗದ ಬೇಕು. ಸಭಾಂಗಣದಲ್ಲಿ ನಿದ್ದೆ ಮಾಡಿದವರಿಗೂ ಆ ಕಾಗದ ಸಿಕ್ಕಿತ್ತು, ತಾಂಡಾದಲ್ಲಿ ಕಲಿಸಿದವರಿಗೆ ಸಿಗಲಿಲ್ಲ. ಇಂಥ ಕೆಲಸ ಬೇರೆ ಯಾರಾದರೂ ಶುರು ಮಾಡುವುದಾದರೆ, ಮೊದಲ ಸುತ್ತಿಗೂ ಮುಂಚೆ ಈ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಲು ಇಲಾಖೆಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನಾವು ಕೊನೆಗೆ ಕೇಳಿದೆವು, ಆಗ ತಡವಾಗಿತ್ತು.

ಈಚೆಗೆ ತಾಂಡಾದ ಅಕ್ಕೋರಿಂದ ಒಂದು ಧ್ವನಿ ಸಂದೇಶ ಬಂತು. ಮಿನಿ ಕೇಂದ್ರಗಳನ್ನು ಪೂರ್ಣ ಅಂಗನವಾಡಿ ಮಾಡುತ್ತಾರೆ, ಸಹಾಯಕಿ ಹುದ್ದೆ ಬರುತ್ತದೆ ಅನ್ನುವ ಮಾತು ಅಲ್ಲಿಗೂ ತಲುಪಿತ್ತು. ಅವರಿಗೆ ಬದಲಿ ಕೂರುತ್ತಿದ್ದ ಹೆಂಗಸಿಗೆ ಅರ್ಜಿ ಹಾಕುವ ಆಸೆ. ಮಕ್ಕಳಿಗೂ ಅವರು ಹೊಂದಿಕೊಂಡಿದ್ದಾರೆ. ಆದರೆ ಈಗ ಸಹಾಯಕಿಗೂ ಎಸ್ಸೆಸ್ಸೆಲ್ಸಿ ಬೇಕು, ಅವರು ಓದಿದ್ದು ಎಂಟನೇ ಇಯತ್ತೆ. ‘ಹೊರಗಿನಿಂದ ಪರೀಕ್ಷಿ ಕಟ್ಟಬಹುದೇನ್ರಿ ಮೇಡಂ? ಪುಸ್ತಕ ನಾನು ಹೇಳಿಕೊಡ್ತೀನಿ. ಮಧ್ಯಾಹ್ನ ಮಕ್ಕಳು ಮಲಗಿದ ಮ್ಯಾಲ ಹೊತ್ತು ಇರ್ತೈತಿ. ಫೀ ಎಷ್ಟು ಅಂತ ಕೇಳಿ ಹೇಳ್ರಿ.’

ನಾಳೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಬೇಕು.